ತಮ್ಮ ಒಳಗಿದ್ದ ಎರಡು ವರ್ಷ, ನನ್ನ ಕೈಲಿದ್ದ ಒಂದು ನೋಟ್‌ಬುಕ್

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಗೊತ್ತಿಲ್ಲದ ನಂಬರ್. ತೆಗೆಯೋದಾ ಬೇಡವಾ ಅಂತ ನೋಡುತ್ತಲೇ ಇದ್ದು ಕೊನೇ ರಿಂಗಿಗೆ ತೆಗೆದೆ. "ಅಕ್ಕಾ, ನಾನು" ಅಂದ ತಮ್ಮ. ಪೊಲೀಸರು ಹಿಡಿದಿದ್ದಾರೆ ಅಂದ. ಎಲ್ಲಿದ್ದೀಯ ಅಂತ ಕೇಳಬೇಕಿತ್ತು. ನಾನು ಕೇಳಿದ್ದು "ಯಾಕೋ ಹೀಗ್ ಮಾಡ್ದೆ?" ಅಂತ. ಅವನು ಹೇಳೋಕೆ ಬಾಯಿ ತೆಗೆದ. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಕಟ್ಟಾಗಿದ್ದೇ ಒಳ್ಳೇದಾಯಿತು ಅಂದರು ಆಮೇಲೆ ಸಿಕ್ಕ ವಕೀಲರು. ಅಂಥ ಕರೆಯನ್ನು ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿರಬಹುದು. ರೆಕಾರ್ಡೂ ಆಗುತ್ತಿರಬಹುದು. ನನ್ನ ಪ್ರಶ್ನೆಗೆ ಅವನು ಕೊಡುವ ಉತ್ತರವೇ ನಾಳೆ ಅವನ ಮೇಲೆ ತಿರುಗಬಹುದು. ಆ ಒಂದು ನಿಮಿಷದಲ್ಲಿ ಕೇಳಬೇಕಾದ್ದು ಬೇರೆ: ಎಲ್ಲಿದ್ದೀಯ, ಪೆಟ್ಟಾಗಿದೆಯಾ, ಮಾತ್ರೆ ತಗೊಂಡ್ಯಾ. ಹೇಳಬೇಕಾದ್ದು ಒಂದೇ, ವಕೀಲರು ಬರುವ ತನಕ ಕೇಸಿನ ಬಗ್ಗೆ ಮಾತಾಡಬೇಡ, ಓದದೆ ಯಾವುದಕ್ಕೂ ಸಹಿ ಹಾಕಬೇಡ. ಯಾಕೆ ಮಾಡಿದೆ ಅನ್ನೋದನ್ನು ಕೇಳೋಕೆ ಮುಂದೆ ಬೇಕಾದಷ್ಟು ಸಮಯ ಇರುತ್ತದೆ. ನನಗಂತೂ ಎರಡು ವರ್ಷ ಇತ್ತು.

ಕೇಸ್ ಏನು ಅಂತ ಇಲ್ಲಿ ಬರೆಯುವುದಿಲ್ಲ. ತಪ್ಪು ಅವನದೇ. ಕೋರ್ಟೂ ಹಾಗೇ ಹೇಳಿತು. ಅವನಿಂದ ನೊಂದ ಮನೆಯೂ ಒಂದಿದೆ, ಅದನ್ನು ನಾನು ಮರೆತಿಲ್ಲ. ಆದರೆ ತಪ್ಪು ಮಾಡಿದವನಿಗೂ ಒಬ್ಬ ಅಕ್ಕ ಇರುತ್ತಾಳೆ, ಬೆಳಗಾದರೆ ಅವಳು ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಅಂತ ಹೇಳುವವರು ಯಾರೂ ಇರುವುದಿಲ್ಲ. ಬರೆಯುತ್ತಿರುವುದು ಅವಳಿಗೆ.

ಮರುದಿನ ಬೆಳಿಗ್ಗೆ ಅವನ ಮಗಳ ಹಳೇ ಶಾಲಾ ನೋಟ್‌ಬುಕ್ ಒಂದನ್ನು ಎತ್ತಿಕೊಂಡೆ. ಮೊದಲ ನಾಲ್ಕು ಪುಟದಲ್ಲಿ ಕೂಡುವ ಲೆಕ್ಕ, ಐದನೇ ಪುಟದಿಂದ ನನ್ನ ಬರಹ. ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿಗೆ ಫೋನ್ ಮಾಡಿದೆ, ಯಾರು ಎತ್ತಿದರು, ಏನಂದರು. ಆ ವಾರ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ ಇರಬೇಕು. ಗಾಬರಿಯಲ್ಲಿ ಕೇಳಿದ್ದು ಸಂಜೆಗೆ ನೆನಪಿರುವುದಿಲ್ಲ. ಇನ್ನೊಂದು ಕಾರಣವೂ ಇದೆ. "ಮಂಗಳವಾರ ಹತ್ತೂಕಾಲಿಗೆ ನಿಮ್ಮ ಕಚೇರಿಯವರೇ ಹೀಗೆ ಹೇಳಿದ್ದರು" ಅಂತ ಓದಿ ಹೇಳಿದರೆ ಎದುರಿನವರ ದನಿ ಸ್ವಲ್ಪ ಬದಲಾಗುತ್ತದೆ. ಅತ್ತು ಕೇಳಿದರೆ ಬದಲಾಗುವುದಿಲ್ಲ. ಎರಡನ್ನೂ ಮಾಡಿ ನೋಡಿದ್ದೇನೆ.

ನೋಟ್‌ಬುಕ್‌ನ ಮೇಲ್ಗಡೆ ಕೆಂಪು ಇಂಕಿನಲ್ಲಿ ಬರೆದಿದ್ದು ಅವನ ಕೈದಿ ನಂಬರ್. ಬರೆಯುವಾಗ ಹೊಟ್ಟೆ ತೊಳಸಿದಂತಾಯಿತು. ಆದರೆ ಹೆಸರು ಹೇಳಿದರೆ ಹುಡುಕಲು ಅರ್ಧ ಗಂಟೆ, ನಂಬರ್ ಹೇಳಿದರೆ ಅರ್ಧ ನಿಮಿಷ. ಪತ್ರಕ್ಕೂ ಅದೇ ಬೇಕು, ಹಣ ಹಾಕಲೂ ಅದೇ, ಭೇಟಿಗೂ ಅದೇ. ಕೇಸ್ ನಂಬರ್ ಬೇರೆ, ಕೈದಿ ನಂಬರ್ ಬೇರೆ. ನಾನು ಒಂದು ವಾರ ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಅವನಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ದಿನಕ್ಕೆರಡು ಸಲ ಮಾತ್ರೆ, ಒಂದು ಹೊತ್ತೂ ತಪ್ಪುವಂತಿಲ್ಲ. ಮನೆಯಲ್ಲಿದ್ದ ಸ್ಟ್ರಿಪ್ ಹಿಡಿದುಕೊಂಡು ಗೇಟಿಗೆ ಓಡಿದೆ. ತೆಗೆದುಕೊಳ್ಳಲಿಲ್ಲ. ಹೊರಗಿನ ಮಾತ್ರೆ ಒಳಗೆ ಹೋಗಲ್ಲ ಅಂದರು. ಸಿಟ್ಟು ಬಂತು, ಆದರೆ ಅವರ ಮಾತಿನಲ್ಲೂ ಅರ್ಥ ಇದೆ, ಸ್ಟ್ರಿಪ್ಪಿನೊಳಗೆ ಏನಿದೆ ಅಂತ ಅವರಿಗೇನು ಗೊತ್ತು. ಕೆಲಸ ಆಗಿದ್ದು ಕಾಗದದಿಂದ. ಅವನನ್ನು ನೋಡುತ್ತಿದ್ದ ಡಾಕ್ಟರ ಹತ್ತಿರ ಅರ್ಧ ಪುಟದ ಪತ್ರ ಬರೆಸಿಕೊಂಡೆ: ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ತಪ್ಪಿದರೆ ಏನಾಗುತ್ತದೆ. ಈ ಕೊನೇ ಸಾಲೇ ಮುಖ್ಯ. ಒಂದು ಪ್ರತಿ ಜೈಲಿನ ವೈದ್ಯರಿಗೆ, ಒಂದು ಜೈಲಿನ ಅಧಿಕಾರಿಗೆ, ಒಂದು ವಕೀಲರಿಗೆ. ನನ್ನ ಪ್ರತಿಯ ಮೇಲೆ "ತಲುಪಿದೆ" ಅಂತ ಸೀಲು ಹಾಕಿಸಿಕೊಂಡೆ. ಮೂರನೇ ದಿನದಿಂದ ಅವನಿಗೆ ಮಾತ್ರೆ ಸಿಗತೊಡಗಿತು. ಆ ಮೂರು ದಿನ ಹೇಗೆ ಕಳೆದೆ ಅಂತ ನೋಟ್‌ಬುಕ್‌ನಲ್ಲಿ ಇಲ್ಲ.

ವಕೀಲರ ವಿಷಯದಲ್ಲಿ ಒಂದೇ ಮಾತು. ಫೀಸು ನಾವು ಕೊಟ್ಟರೂ ಅವರು ಕೆಲಸ ಮಾಡುವುದು ಒಳಗಿರುವವನಿಗೆ. ಅವನು ಅವರಿಗೆ ಹೇಳಿದ್ದನ್ನೆಲ್ಲ ನಮಗೆ ಹೇಳಲ್ಲ, ಹೇಳಲೂಬಾರದು. ಇದು ತಿಳಿಯದೆ ಮೊದಲ ತಿಂಗಳು ನಾನು ಅವರ ಮೇಲೆ ಹರಿಹಾಯ್ದೆ. ಆಮೇಲೆ ದಿನಾ ಫೋನ್ ಮಾಡುವುದು ಬಿಟ್ಟು, ಪ್ರಶ್ನೆಗಳನ್ನು ಬರೆದಿಟ್ಟು ವಾರಕ್ಕೊಮ್ಮೆ ಒಟ್ಟಿಗೆ ಕೇಳತೊಡಗಿದೆ. ಮುಂದಿನ ತಾರೀಖು ಯಾವಾಗ, ಅಂದು ಏನಾಗುತ್ತದೆ, ನಮ್ಮಿಂದ ಯಾವ ಕಾಗದ ಬೇಕು. ಮೂರೇ ಪ್ರಶ್ನೆ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರಿಗೆ ಸರ್ಕಾರವೇ ವಕೀಲರನ್ನು ಕೊಡುವ ಏರ್ಪಾಡು ಬಹಳ ಕಡೆ ಇದೆ. ಅದನ್ನು ಮೊದಲ ದಿನವೇ ವಿಚಾರಿಸಬೇಕು, ಸಾಲ ಮಾಡಿದ ಮೇಲೆ ಅಲ್ಲ.

ಎರಡನೇ ವಾರ ಇನ್ನೊಂದು ಫೋನ್ ಬಂತು. ತುಂಬಾ ಮರ್ಯಾದಸ್ಥ ದನಿ. ತಮ್ಮನ ಪೂರ್ತಿ ಹೆಸರು ಹೇಳಿ, ಇವತ್ತು ಸಂಜೆಯೊಳಗೆ ಇಷ್ಟು ಹಣ ಕಳಿಸಿದರೆ ಬಿಡುಗಡೆ ಆಗುತ್ತದೆ, ತಡವಾದರೆ ಸಾಹೇಬರು ರಜೆ ಹೋಗುತ್ತಾರೆ ಅಂದರು. ಅಮ್ಮ ಬಳೆ ಬಿಚ್ಚಿ ಮೇಜಿನ ಮೇಲಿಟ್ಟೇಬಿಟ್ಟರು. ವಕೀಲರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ನಕ್ಕರು. "ಜಾಮೀನಿನ ಹಣ ಕಟ್ಟೋದು ಕೋರ್ಟಿಗೆ, ರಸೀದಿ ಕೊಡ್ತಾರೆ. ರಸೀದಿ ಇಲ್ಲದ್ದು ಏನಿದ್ರೂ ಮೋಸ" ಅಂದರು. ಆ ವಾಕ್ಯ ನೋಟ್‌ಬುಕ್‌ನಲ್ಲಿ ದಪ್ಪ ಅಕ್ಷರದಲ್ಲಿದೆ.

ಇನ್ನು ಭೇಟಿ. ಜೈಲಿಗೆ ಹೋಗಿ ನಿಂತರೆ ನೋಡೋಕೆ ಬಿಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಒಳಗಿರುವವನು ಮೊದಲು ತನ್ನನ್ನು ನೋಡಲು ಬರುವವರ ಪಟ್ಟಿ ಕೊಡಬೇಕು. ಆ ಪಟ್ಟಿ ಪಾಸಾಗಬೇಕು. ಆಮೇಲೆ ದಿನ, ಹೊತ್ತು ಗೊತ್ತು ಮಾಡಿಕೊಳ್ಳಬೇಕು. ನಾನು ಬರುವ ದಿನವನ್ನು ಅವನಿಗೆ ಫೋನಿನಲ್ಲಿ ಹೇಳಿದ್ದೆ. ಬೆಳಗಿನ ಜಾವ ಹೊರಟೆ. ಕ್ಯೂನಲ್ಲಿ ನಿಂತೆ. ಗಾಜಿನ ಹಿಂದೆ ಕೂತಿದ್ದವರು ನನ್ನ ಗುರುತಿನ ಚೀಟಿ ನೋಡಿದರು, ಪಟ್ಟಿ ನೋಡಿದರು, ಮತ್ತೆ ಚೀಟಿ ನೋಡಿದರು. ಪಟ್ಟಿಯಲ್ಲಿ ತಮ್ಮ ಬರೆಸಿದ್ದು ನನ್ನ ತವರಿನ ಹೆಸರು. ಚೀಟಿಯಲ್ಲಿ ಇದ್ದದ್ದು ಮದುವೆಯ ನಂತರದ್ದು. "ಇವರು ನೀವಲ್ಲ" ಅಂದರು. ನಾನೇ ಅಂದೆ. "ಇರಬಹುದು ಮೇಡಂ, ಕಾಗದದಲ್ಲಿ ಅಲ್ಲ." ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅದೇ ಜಾಸ್ತಿ ನೋವಾಗಿದ್ದು. ಒಂಬತ್ತೂ ಹತ್ತಕ್ಕೆ ಹೊರಗೆ ಬಂದು ಗೋಡೆಗೆ ಒರಗಿ ನಿಂತು ಅದನ್ನೂ ಬರೆದೆ.

ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದ ಹೆಂಗಸು ಒಳಗೆ ಹೋಗಿ ಬಂದ ಮೇಲೆ ನನ್ನನ್ನು ಹುಡುಕಿಕೊಂಡು ಬಂದರು. ಐದು ವರ್ಷದಿಂದ ಬರುತ್ತಿದ್ದಾರಂತೆ, ಮಗ ಒಳಗಿದ್ದಾನೆ. ಆ ಹದಿನೈದು ನಿಮಿಷದಲ್ಲಿ ಅವರು ಕಲಿಸಿದ್ದನ್ನು ಬೇರೆ ಯಾರೂ ಕಲಿಸಲಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಭೇಟಿ ಇದೆಯಾ ಅಂತ ಕೇಳಿಕೊಂಡೇ ಹೊರಡು. ಲೋಹದ ಕ್ಲಿಪ್ಪು, ಪಿನ್ನು, ತಂತಿ ಇರುವ ಒಳ ಉಡುಪು ಹಾಕಬೇಡ, ಯಂತ್ರ ಕೂಗುತ್ತೆ. ಬ್ಯಾಗು ಬೇಡ, ಫೋನ್ ಬೇಡ. ಚೀಲದ ಜೇಬಿನಲ್ಲಿ ಮರೆತ ಒಂದು ಮಾತ್ರೆಯೂ ದೊಡ್ಡ ರಾದ್ಧಾಂತ ಮಾಡುತ್ತೆ. ಯಾರಾದರೂ "ಇದೊಂದು ಸಣ್ಣ ಪೊಟ್ಟಣ, ನನ್ನ ಮಗನಿಗೆ ಕೊಡಮ್ಮ" ಅಂದರೆ ಮುಟ್ಟಲೂ ಬೇಡ. ತಪಾಸಣೆ ಮಾಡುವವರ ಹತ್ತಿರ ವಾದ ಮಾಡಬೇಡ, ಮಾಡಿದರೆ ಅದನ್ನು ಅನುಭವಿಸೋದು ಒಳಗಿರೋನು. ಹಾಗಂತ ಏನು ಮಾಡಿದರೂ ಸಹಿಸಬೇಕಾಗಿಲ್ಲ, ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು, ಅವಮಾನ ಆಯಿತು ಅನಿಸಿದರೆ ಅಲ್ಲಿ ಜಗಳ ಬೇಡ, ಬರೆದು ಕೊಡು.

ಎರಡು ವಾರದ ಮೇಲೆ, ಪಟ್ಟಿ ಸರಿಹೋಗಿ, ಒಳಗೆ ಹೋದೆ. ದಪ್ಪ ಗಾಜು, ಎರಡೂ ಕಡೆ ಫೋನಿನ ರಿಸೀವರ್. ರಿಸೀವರಿನ ಬಾಯಿ ಹತ್ತಿರ ಯಾರೋ ಉಗುರಿನಲ್ಲಿ ಕೆರೆದ ಗೆರೆಗಳು. ತಮ್ಮನ ಕುತ್ತಿಗೆ ಸಣ್ಣಗಾಗಿತ್ತು. ರಿಸೀವರ್ ಎತ್ತಿ ಅವನು ಮೊದಲು ಹೇಳಿದ್ದು, "ಆ ದಿನ ಬರ್ತೀನಿ ಅಂದಿದ್ದೆ. ಬರಲಿಲ್ಲ."

ಬಂದಿದ್ದೆ ಕಣೋ ಅಂದೆ. ಹೆಸರಿನ ಕಥೆ ಹೇಳಿದೆ. "ಬಿಡಕ್ಕ, ಸುಮ್ನೆ ಯಾಕೆ" ಅಂದ. ನಂಬಲಿಲ್ಲ. ಅಂದು ಬೆಳಿಗ್ಗೆ ಅವನು ಶೇವ್ ಮಾಡಿಕೊಂಡು, ಇದ್ದದ್ದರಲ್ಲೇ ಒಳ್ಳೇ ಅಂಗಿ ಹಾಕಿಕೊಂಡು ಮಧ್ಯಾಹ್ನದ ತನಕ ಹೆಸರು ಕೂಗುತ್ತಾರೇನೋ ಅಂತ ಕೂತಿದ್ದನಂತೆ. ಯಾರೂ ಬಂದು ಹೇಳಿಲ್ಲ. ಹೊರಗೆ ನಮಗೆ ಒಂದು ದಿನ ತಪ್ಪಿದರೆ ಇನ್ನೊಂದು ದಿನ. ಒಳಗಿರುವವನಿಗೆ ಆ ವಾರದಲ್ಲಿ ಇರುವುದೇ ಆ ಒಂದು ದಿನ.

ಅವತ್ತಿನಿಂದ ಮಾತು ಕೊಡುವುದನ್ನು ಕಡಿಮೆ ಮಾಡಿದೆ. "ಬೇಗ ಬಿಡಿಸ್ತೀನಿ" ಅನ್ನುವುದು ನಿಲ್ಲಿಸಿದೆ, ಅದು ನನ್ನ ಕೈಲಿಲ್ಲ. "ವಾರವಾರ ಬರ್ತೀನಿ" ಅನ್ನಲೂ ಇಲ್ಲ. ತಿಂಗಳಿಗೊಂದು ಭೇಟಿ, ಭಾನುವಾರ ಸಂಜೆ ಫೋನ್ ಪಕ್ಕದಲ್ಲಿರುವುದು, ಬುಧವಾರಕ್ಕೊಂದು ಪತ್ರ. ಅಷ್ಟೇ. ಆದರೆ ಅಷ್ಟನ್ನು ಬಿಡಲಿಲ್ಲ. ಜ್ವರ ಬಂದಾಗಲೂ ಎರಡು ಸಾಲು ಬರೆದು ಹಾಕಿದೆ. ಅವನಿಗೆ ಬೇಕಾಗಿದ್ದದ್ದು ದೊಡ್ಡ ಸಮಾಧಾನದ ಮಾತಲ್ಲ, ಬುಧವಾರ ಅಂದರೆ ಬುಧವಾರ ಅನ್ನುವ ಗಟ್ಟಿತನ.

ಪತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಅದನ್ನು ಹಗುರವಾಗಿ ನೋಡುತ್ತಾರೆ. ಫೋನ್ ಕಟ್ಟಾದ ಮೇಲೆ ಏನೂ ಉಳಿಯುವುದಿಲ್ಲ. ಪತ್ರ ದಿಂಬಿನ ಕೆಳಗೆ ಉಳಿಯುತ್ತದೆ. ಅದನ್ನು ಬೇರೆಯವರು ಬಿಚ್ಚಿ ಓದುತ್ತಾರೆ ಅಂತ ತಿಳಿದೇ ಬರೆಯಬೇಕು, ಹಾಗಾಗಿ ಕೇಸಿನ ಮಾತು ಬೇಡ. ಪ್ರತಿ ಪತ್ರಕ್ಕೂ ಮೂಲೆಯಲ್ಲಿ ಸಂಖ್ಯೆ ಹಾಕಿದೆ: 1, 2, 3. ಒಂಬತ್ತು ಬಂದು ಎಂಟು ಬರಲಿಲ್ಲ ಅಂದರೆ ನಾನು ಬರೆದಿಲ್ಲ ಅಂತ ಅವನಿಗೆ ಅನಿಸಬಾರದು. ಸ್ಟೇಪಲ್ ಪಿನ್ನು, ಅಂಟಿಸುವ ಚಿತ್ರ, ಮಿನುಗುವ ಬಣ್ಣ ಇದ್ದರೆ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಅವನ ಮಗಳು ಅಂಟಿಸಿದ ನಕ್ಷತ್ರಗಳಿಂದಾಗಿ ಅವಳ ಮೊದಲ ಚಿತ್ರ ಹಾಗೇ ತಿರುಗಿ ಬಂತು. ಎರಡನೇ ಸಲ ಪೆನ್ಸಿಲ್‌ನಲ್ಲಿ ಬರೆಸಿ ಕಳಿಸಿದೆವು. ಏನು ಬರೆಯಬೇಕು ಅಂತ ತೋಚದಿದ್ದಾಗ ಕಿಟಕಿಯಿಂದ ಕಾಣುವುದನ್ನೇ ಬರೆದೆ. ಎದುರುಮನೆಯವರ ನಾಯಿ ಯಾರದೋ ಚಪ್ಪಲಿ ಕಚ್ಚಿಕೊಂಡು ಓಡಿದ್ದನ್ನು ಬರೆದ ಪತ್ರವೇ ಅವನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದಂತೆ.

ನೆಲ್ಸನ್ ಮಂಡೇಲಾ 27 ವರ್ಷ ಸೆರೆಯಲ್ಲಿದ್ದರು. ರಾಬೆನ್ ದ್ವೀಪದ ಜೈಲಿನ ಮೊದಲ ವರ್ಷಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ಆರು ತಿಂಗಳಿಗೊಂದು ಪತ್ರ, ಆರು ತಿಂಗಳಿಗೊಂದು ಭೇಟಿ. ಅದನ್ನು ಓದಿದ ದಿನ ನನ್ನ ಬುಧವಾರದ ಪತ್ರದ ಬಗ್ಗೆ ಗೊಣಗುವುದನ್ನು ಬಿಟ್ಟೆ. ಅವರ ಹೆಸರಿನ ನಿಯಮಗಳು ಇವೆ ಅಂತ ಗೊತ್ತಾಗಿದ್ದೂ ಆಗಲೇ. ಕೈದಿಗಳನ್ನು ನೋಡಿಕೊಳ್ಳುವ ಕನಿಷ್ಠ ನಿಯಮಗಳನ್ನು ವಿಶ್ವಸಂಸ್ಥೆ 2015ರಲ್ಲಿ ತಿದ್ದಿ ಬರೆದು ಮಂಡೇಲಾ ನಿಯಮಗಳು ಅಂತ ಕರೆಯಿತು. ಒಟ್ಟು 122. ನಾನು ಅಷ್ಟನ್ನೂ ಓದಲು ಹೋಗಲಿಲ್ಲ, ನಮಗೆ ಬೇಕಾದ ನಾಲ್ಕೈದನ್ನು ಬರೆದಿಟ್ಟುಕೊಂಡೆ. ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಒಳಗಿನವರಿಗೂ ಸಿಗಬೇಕು ಅನ್ನುವುದು 24. ಶಿಕ್ಷೆಯ ಹೆಸರಿನಲ್ಲಿ ಮನೆಯವರ ಸಂಪರ್ಕವನ್ನು ಪೂರ್ತಿ ನಿಲ್ಲಿಸುವಂತಿಲ್ಲ ಅನ್ನುವುದು 43. ಆಗಾಗ ಪತ್ರ, ಭೇಟಿಗೆ ಅವಕಾಶ ಇರಬೇಕು ಅನ್ನುವುದು 58. ಸಾಧ್ಯವಾದಷ್ಟು ಮನೆಗೆ ಹತ್ತಿರದ ಜೈಲಿನಲ್ಲಿಡಬೇಕು ಅನ್ನುವುದು 59. ಬೇರೆ ಜೈಲಿಗೆ ಕಳಿಸಿದರೆ ಮನೆಯವರಿಗೆ ಕೂಡಲೇ ತಿಳಿಸುವ ಹಕ್ಕು ಕೈದಿಗೆ ಇದೆ ಅನ್ನುವುದು 68.

ಈ 68 ನಮಗೆ ಬೇಕಾಗಿ ಬಂತು. ಎಂಟನೇ ತಿಂಗಳು ಒಂದು ಭಾನುವಾರ ಫೋನ್ ಬರಲಿಲ್ಲ. ಸೋಮವಾರ ವಿಚಾರಿಸಿದರೆ "ಅವರು ಇಲ್ಲಿಲ್ಲ" ಅಂದರು. ಎಲ್ಲಿದ್ದಾರೆ ಅಂತ ಹೇಳಲು ನಾಲ್ಕು ದಿನ ತೆಗೆದುಕೊಂಡರು. ಅಮ್ಮ ಆ ನಾಲ್ಕು ದಿನ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಮಲಗಿದರು. ಅರ್ಜಿ ಬರೆಯುವಾಗ ಆ ನಿಯಮದ ಸಂಖ್ಯೆ ಹಾಕಿದೆ. ಇವು ದೇಶದ ಕಾನೂನಿನ ಹಾಗೆ ಯಾರನ್ನೂ ಕಟ್ಟಿಹಾಕುವುದಿಲ್ಲ, ನಿಜ. ಆದರೆ ಸಂಖ್ಯೆ ಹಾಕಿ ಬರೆದ ಅರ್ಜಿಯನ್ನು ಇನ್ನೊಂದು ಸಲ ಓದುತ್ತಾರೆ. ಉತ್ತರ ಬಂತು. ಹೊಸ ಜೈಲು, ಹೊಸ ನಂಬರ್, ಮತ್ತೆ ಮೊದಲಿನಿಂದ ಪಟ್ಟಿ. ಡಾಕ್ಟರ ಪತ್ರದ ಪ್ರತಿ ಇಟ್ಟುಕೊಂಡಿದ್ದು ಆಗ ಉಪಯೋಗಕ್ಕೆ ಬಂತು. ಜಾಗ ಬದಲಾದಾಗ ಔಷಧದ ಕಾಗದ ಹಿಂದೆಯೇ ಉಳಿದುಬಿಟ್ಟಿತ್ತು.

ಮಗಳಿಗೆ ಆಗ ಆರು ವರ್ಷ. "ಅಪ್ಪ ಕೆಲಸದ ಮೇಲೆ ದೂರ ಹೋಗಿದ್ದಾರೆ" ಅಂತ ಅವಳಮ್ಮ ಹೇಳಿದ್ದಳು. ಅವಳನ್ನು ದೂಷಿಸಲ್ಲ, ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಒಂದು ತಿಂಗಳು ನಡೆಯಿತು. ಆಮೇಲೆ ಶಾಲೆಯಲ್ಲಿ ಯಾವುದೋ ಮಗು ನಿಜ ಹೇಳಿತು. ಅವತ್ತು ಅವಳು ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತು ಕೇಳಿದಳು, "ಅತ್ತೆ, ಅಪ್ಪ ಸತ್ತೋಗಿದ್ದಾರಾ? ಅದಕ್ಕೇ ಎಲ್ಲರೂ ಸುಳ್ಳು ಹೇಳ್ತಿದ್ದೀರಾ?" ಮಕ್ಕಳು ನಾವು ಹೇಳದ ಜಾಗವನ್ನು ಇನ್ನೂ ಕೆಟ್ಟದ್ದರಿಂದ ತುಂಬಿಕೊಳ್ಳುತ್ತಾರೆ. ಅಂದು ರಾತ್ರಿ ಅವಳಮ್ಮ, ನಾನು ಇಬ್ಬರೂ ಕೂತು ಹೇಳಿದೆವು. ಅಪ್ಪ ಒಂದು ತಪ್ಪು ಮಾಡಿದ್ದಾರೆ, ಅದಕ್ಕೆ ಜೈಲಲ್ಲಿ ಇರಬೇಕು. ಬದುಕಿದ್ದಾರೆ, ಊಟ ಸಿಗುತ್ತೆ, ಮಲಗೋಕೆ ಜಾಗ ಇದೆ. ನಿನ್ನಿಂದಾಗಿ ಏನೂ ಆಗಿಲ್ಲ. ಯಾವಾಗ ಬರ್ತಾರೆ ಅಂತ ನಮಗೂ ಗೊತ್ತಿಲ್ಲ, ಗೊತ್ತಾದ ತಕ್ಷಣ ನಿನಗೆ ಹೇಳ್ತೀವಿ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ರಾತ್ರಿ ಲೈಟ್ ಆರಿಸ್ತಾರಾ?" ಕತ್ತಲೆ ಅಂದರೆ ಅವಳಿಗೆ ಭಯ. ಮುಂದಿನ ಭೇಟಿಯಲ್ಲಿ ಅವನನ್ನೇ ಕೇಳಿ ಬಂದು ಹೇಳಿದೆ. ಪೂರ್ತಿ ಆರಿಸಲ್ಲವಂತೆ. ಅವಳಿಗೆ ಸಮಾಧಾನವಾಯಿತು. ಅವನಿಗೆ ಆ ಬೆಳಕಿನಿಂದಲೇ ನಿದ್ದೆ ಬರುತ್ತಿರಲಿಲ್ಲ, ಅದನ್ನು ಹೇಳಲಿಲ್ಲ.

ಮಧ್ಯೆ ಒಂದು ಕೆಟ್ಟ ಕಾಲವೂ ಬಂತು. ತಮ್ಮ ಇದ್ದಕ್ಕಿದ್ದಂತೆ ಹಣ ಕೇಳತೊಡಗಿದ. ತನ್ನ ಹೆಸರಿಗೆ ಅಲ್ಲ, ಗೊತ್ತಿಲ್ಲದ ಯಾರದೋ ಖಾತೆಗೆ ಹಾಕು ಅಂತ. ಯಾಕೆ ಅಂದರೆ ಸಿಡುಕುತ್ತಿದ್ದ. ಒಂದು ಸಲ ಹಾಕಿಬಿಟ್ಟೆ. ಮುಂದಿನ ವಾರ ಎರಡರಷ್ಟು ಕೇಳಿದ. ಒಳಗೆ ಸಾಲ ಆಗಿತ್ತು, ಯಾರೋ ಹೆದರಿಸುತ್ತಿದ್ದರು. ಕ್ಯೂನ ಆ ಅಮ್ಮನಿಗೆ ಹೇಳಿದೆ. "ಕೊಡ್ತಾ ಹೋದ್ರೆ ಮುಗಿಯಲ್ಲ ಮಗಾ" ಅಂದರು. ಜೈಲಿನವರಿಗೆ ನೇರ ಹೇಳಿದರೆ ಅವನಿಗೆ ಅಪಾಯ ಅಂತ ಭಯ, ಹೇಳದಿದ್ದರೂ ಅಪಾಯ. ವಕೀಲರ ಮೂಲಕ ಹೋದೆವು, ಅವನನ್ನು ಬೇರೆ ಬ್ಲಾಕಿಗೆ ಹಾಕಿದರು. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಬುಧವಾರದ ಪತ್ರ ಹೋಗುತ್ತಲೇ ಇತ್ತು. ನಲವತ್ತೊಂದನೇ ಪತ್ರಕ್ಕೆ ಉತ್ತರ ಬಂತು, ಒಂದೇ ಸಾಲು: "ಆ ನಾಯಿ ಈಗ ಏನ್ ಮಾಡ್ತಿದೆ?"

ಬಿಡುಗಡೆಗೆ ಎರಡು ತಿಂಗಳಿರುವಾಗಲೇ ತಯಾರಿ ಶುರು ಮಾಡಿದೆವು. ಗುರುತಿನ ಕಾಗದಗಳು, ಬ್ಯಾಂಕ್ ಖಾತೆ, ಅಳತೆ ಬದಲಾದ ಬಟ್ಟೆ, ಒಂದು ತಿಂಗಳ ಮಾತ್ರೆ, ಡಾಕ್ಟರ ಹತ್ತಿರ ಮೊದಲ ವಾರದಲ್ಲೇ ಒಂದು ದಿನ. ಅವನಿಗೆ ಅಮಲಿನ ಚಟ ಇರಲಿಲ್ಲ. ಇರುವವರ ಮನೆಯವರಿಗೆ ಮಾತ್ರ ಇದನ್ನು ಹೇಳಲೇಬೇಕು. ಒಳಗಿದ್ದಾಗ ಅಮಲನ್ನು ತಾಳುವ ದೇಹದ ಶಕ್ತಿ ಇಳಿದಿರುತ್ತದೆ, ಹೊರಗೆ ಬಂದು ಹಳೇ ಪ್ರಮಾಣದಲ್ಲೇ ತಗೊಂಡರೆ ಜೀವವೇ ಹೋಗಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರದಲ್ಲಿ ಸಾಯುವ ಅಪಾಯ ಬೇರೆಯವರಿಗಿಂತ 12 ಪಟ್ಟಿಗೂ ಜಾಸ್ತಿ ಇತ್ತು. ಮುಖ್ಯ ಕಾರಣ ಇದೇ. ಆ ಹದಿನೈದು ದಿನ ಅಂಥವರನ್ನು ಒಬ್ಬರೇ ಇರಲು ಬಿಡಬಾರದು.

ಬೆಳಿಗ್ಗೆ ಬಿಡುತ್ತಾರೆ ಅಂದಿದ್ದರು. ಬಿಟ್ಟಿದ್ದು ಸಂಜೆ ಏಳಕ್ಕೆ. ನೆಂಟರನ್ನೆಲ್ಲ ಸೇರಿಸಬೇಕು ಅಂತ ಅಮ್ಮನ ಆಸೆ, ನಾನು ಬೇಡ ಅಂದೆ. ಮನೆಗೆ ಬಂದ ಮೇಲೆ ಅವನು ಸೋಫಾದ ಅಂಚಿನಲ್ಲಿ ಕೂತ. ನೀರು ಬೇಕಾದರೆ "ಕುಡೀಲಾ?" ಅಂತ ಕೇಳಿ ಕುಡಿದ. ಮಗಳು ಅವನಿಂದ ಎರಡಡಿ ದೂರ ನಿಂತು ನೋಡುತ್ತಿದ್ದಳು, ಹತ್ತಿರ ಹೋಗು ಅಂತ ಯಾರೂ ತಳ್ಳಲಿಲ್ಲ.

ನಾಲ್ಕನೇ ದಿನವೋ ಐದನೇ ದಿನವೋ, ನಾನು ಹೊರಗಿನಿಂದ ಬಂದಾಗ ಅವನ ಕೈಲಿ ನೋಟ್‌ಬುಕ್ ಇತ್ತು. ಕೂಡುವ ಲೆಕ್ಕಗಳನ್ನು ದಾಟಿ ಓದುತ್ತಿದ್ದ. ಒಂದು ಪುಟದಲ್ಲಿ ಬೆರಳಿಟ್ಟು ತುಂಬಾ ಹೊತ್ತು ಸುಮ್ಮನಿದ್ದ. ನಾನು ಬಗ್ಗಿ ನೋಡಿದೆ. "9.10. ಒಳಗೆ ಬಿಡಲಿಲ್ಲ. ಪಟ್ಟಿಯಲ್ಲಿ ಹಳೇ ಹೆಸರು. ಪಾಪು ಕಾಯ್ತಿರ್ತಾನೆ" ಅಂತ ಬರೆದಿದ್ದೆ. ಪಾಪು ಅಂತ ಅವನನ್ನು ಕರೆಯುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

"ಅಕ್ಕ, ಗಾಡಿ ಸಿಕ್ತಾ ಆವತ್ತು, ವಾಪಸ್ ಬರೋಕೆ?" ಅಂತ ಕೇಳಿದ.

"ಸಿಕ್ತು ಕಣೋ" ಅಂದೆ.